ಸೆರಗು, ಸೂರು: ಓದುಗರ ಪ್ರಶ್ನೆಗೆ ಅಕ್ಕನ ಉತ್ತರ

ಹೋದ ತಿಂಗಳು ಇಲ್ಲಿ ಒಂದು ಮಾತು ಬರೆದಿದ್ದೆ. ಮ್ಯೂಸಿಯಂನಲ್ಲಿ ಹಳೇ ಸೀರೆ ನೋಡಿದರೆ, ಅದು ಯಾವ ಮನೆಯ ಯಾವ ಗಳದ ಮೇಲೆ ಒಣಗುತ್ತಿತ್ತು ಅಂತ ಕೇಳಿ. ಹಳೇ ಮನೆ ನೋಡಿದರೆ, ಬಟ್ಟೆ ಎಲ್ಲಿಡುತ್ತಿದ್ದರು ಅಂತ ಹುಡುಕಿ. ಇಷ್ಟೇ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧ ಜಗಳದವು. ಖುಷಿಯಾಯಿತು.

ಹೊಸದಾಗಿ ಓದುವವರಿಗೆ ನನ್ನ ಪರಿಚಯ. ನಾನು ಇಳಕಲ್ಲಿನ ನೇಕಾರರ ಮನೆ ಮಗಳು. ಮದುವೆಯಾಗಿ ಮುಂಬೈಗೆ ಬಂದು ಡಿಲೈಲ್ ರೋಡಿನ ಬಿಡಿಡಿ ಚಾಳಿನಲ್ಲಿ, ಅಂದರೆ ಸಾಲು ಸಾಲು ಒಂದೊಂದೇ ಕೋಣೆಯ ಮನೆಗಳ ಕಟ್ಟಡದಲ್ಲಿ, ಸಂಸಾರ ಹೂಡಿದೆ. ನಮ್ಮ ಮನೆಯವರು ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. 1982ರ ಜನವರಿ 18ಕ್ಕೆ ಮಿಲ್ಲುಗಳ ಮುಷ್ಕರ ಶುರುವಾಯಿತು. ಅದು ಮುಗಿಯಿತು ಅಂತ ಯಾರೂ ಹೇಳಲೇ ಇಲ್ಲ. ನಾನು ಕೆಲಸ ಹುಡುಕಿಕೊಂಡು ಹೊರಟೆ. ಒಂದು ಮ್ಯೂಸಿಯಂನಲ್ಲಿ ಹರಿದ ಹಳೇ ಬಟ್ಟೆಗಳಿಗೆ ಸೂಜಿ ಹಿಡಿಯುವ ಕೆಲಸ ಸಿಕ್ಕಿತು. ಅಲ್ಲೇ 26 ವರ್ಷ ಕಳೆದೆ. ಈಗ ಡೊಂಬಿವಲಿಯಲ್ಲಿ ಕನ್ನಡಕ ಹಾಕಿಕೊಂಡು ನಿಮ್ಮ ಪತ್ರ ಓದುತ್ತೇನೆ.

ಅಕ್ಕಾ, ನಮ್ಮ ಅತ್ತೆಯವರಿಗೆ ಮೊದಲ ಸಂಕ್ರಾಂತಿಗೆ ತವರಿನವರು ಕೊಟ್ಟ ಇಳಕಲ್ ಚಂದ್ರಕಾಳಿ ಸೀರೆ ನನ್ನ ಹತ್ತಿರ ಇದೆ. 70 ವರ್ಷ ಹಳೇದು. ಹಾಲ್‌ನಲ್ಲಿ ಗಾಜಿನ ಫ್ರೇಮ್ ಹಾಕಿಸಿ ಮೇಲಿಂದ ಸ್ಪಾಟ್‌ಲೈಟ್ ಬಿಡೋಣ ಅಂತ ಮಗ ಅನ್ನುತ್ತಾನೆ. ಮ್ಯೂಸಿಯಂನಲ್ಲೂ ಹೀಗೇ ಮಾಡ್ತಾರಲ್ವಾ? (ಠಾಣೆಯಿಂದ ಒಬ್ಬ ಓದುಗರು)

ಬೇಡವೇ ಬೇಡ. ಆ ಸ್ಪಾಟ್‌ಲೈಟನ್ನು ಗಣಪತಿ ಕೂರಿಸುವಾಗ ಹಾಕಲಿ ಅಂತ ಮಗನಿಗೆ ಹೇಳಿ.

ಮ್ಯೂಸಿಯಂನಲ್ಲಿ ಜವಳಿ ಇಟ್ಟ ಕೋಣೆ ಮಬ್ಬು ಮಬ್ಬಾಗಿರುತ್ತದೆ, ನೋಡಿದ್ದೀರಲ್ವಾ? ಕರೆಂಟ್ ಬಿಲ್ ಉಳಿಸುತ್ತಾರೆ ಅಂತ ಜನ ಗೊಣಗುತ್ತಾರೆ. ಲಕ್ಸ್ ಅಂದರೆ ಬೆಳಕಿನ ಅಳತೆ. ಹಳೇ ಬಟ್ಟೆಯ ಮೇಲೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಈ ಕೆಲಸದವರೆಲ್ಲ ಪಾಲಿಸುವ ಲೆಕ್ಕ. ಹಗಲು ಹೊತ್ತು ನಿಮ್ಮ ಹಾಲ್‌ನ ಕಿಟಕಿ ಪಕ್ಕ ಅಳೆದರೆ ಸಾವಿರ ದಾಟುತ್ತದೆ. ಬಯಲಿನ ಬಿಸಿಲಲ್ಲಿ 1 ಲಕ್ಷದವರೆಗೂ ಹೋಗುತ್ತದೆ. ಬೆಳಕಿನ ಹಾನಿ ಬಡ್ಡಿ ಸಾಲದ ಹಾಗೆ, ಕೂಡುತ್ತಾ ಹೋಗುತ್ತದೆ. 50 ಲಕ್ಸ್‌ನಲ್ಲಿ 20 ಗಂಟೆ ಇಟ್ಟರೆ ಎಷ್ಟು ನಷ್ಟವೋ, 1000 ಲಕ್ಸ್‌ನಲ್ಲಿ 1 ಗಂಟೆಗೆ ಅಷ್ಟೇ ನಷ್ಟ. ಹೋದ ಬಣ್ಣ ವಾಪಸ್ ಬರುವುದಿಲ್ಲ. ಅದಕ್ಕೇ ಒಳ್ಳೇ ಮ್ಯೂಸಿಯಂನವರು ಒಂದು ಸೀರೆಯನ್ನು ಕೆಲವು ತಿಂಗಳು ತೋರಿಸಿ, ಮತ್ತೆ ಕತ್ತಲಲ್ಲಿ ಮಲಗಿಸುತ್ತಾರೆ.

ನಿಮ್ಮದು ಚಂದ್ರಕಾಳಿ, ಕಪ್ಪು ಸೀರೆ ಬೇರೆ. ಹಿಂದೆ ಅಳಲೆಕಾಯಿಗೆ ಕಬ್ಬಿಣದ ನೀರು ಸೇರಿಸಿ ಕಪ್ಪು ಮಾಡುತ್ತಿದ್ದರು. ಆ ಕಬ್ಬಿಣ ದಾರವನ್ನು ಒಳಗಿಂದ ತಿನ್ನುತ್ತದೆ. ಹಳೇ ಬಟ್ಟೆಯಲ್ಲಿ ಕೆಂಪು, ಬಿಳಿ ಗಟ್ಟಿಯಾಗಿದ್ದು ಕಪ್ಪು ಗೆರೆಗಳಷ್ಟೇ ಉದುರಿಹೋದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಸೀರೆಗೆ ಯಾವ ಬಣ್ಣ ಹಾಕಿದ್ದಾರೋ ನೋಡದೆ ಹೇಳಲಾರೆ. ಕಪ್ಪು ಭಾಗ ಮುಟ್ಟಿದರೆ ಪುಡಿಯಾಗುತ್ತಿದ್ದರೆ ಮಾತ್ರ ಅದನ್ನು ಬಿಚ್ಚಲೂ ಹೋಗಬೇಡಿ.

ಇನ್ನು ಭಾರದ ವಿಷಯ. ಇದರಲ್ಲಿ ನನಗೆ ಹೊಟ್ಟೆ ಉರಿದ ಒಂದು ಕತೆ ಇದೆ. ಇಳಕಲ್ ಸೀರೆಯ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹೂಡುವ ದಾರ) ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದೋ ರೇಷ್ಮೆಯದೋ ಇರಲಿ, ಸೆರಗಿಗೆ ಕೆಂಪು ರೇಷ್ಮೆ. ಈ ಎರಡು ಹಾಸುಗಳನ್ನು ಕುಣಿಕೆಗೆ ಕುಣಿಕೆ ಹಾಕಿ ಸೇರಿಸುತ್ತಾರೆ. ಟೋಪ್ ತೆನಿ ಅನ್ನುವುದು ಇದಕ್ಕೇ. ಹಾಗಾಗಿ ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ನಮ್ಮ ಅವ್ವ ಸಾವಿರಾರು ಕುಣಿಕೆ ಹಾಕುತ್ತಿದ್ದಳು, ಕಣ್ಣು ಮುಚ್ಚಿಕೊಂಡು. ಈ ಊರಿನ ಒಂದು ಗ್ಯಾಲರಿಯವರು ಪ್ರದರ್ಶನಕ್ಕೆ ಅಂತ ಒಂದು ಹಳೇ ಇಳಕಲ್ ಸೀರೆಯನ್ನು ಸೆರಗಿನ ತುದಿಗೆ ಕ್ಲಿಪ್ ಹಾಕಿ ಎತ್ತರದಿಂದ ಇಳಿಬಿಟ್ಟರು. ಚೆನ್ನಾಗಿ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅಷ್ಟೂ ಗಜದ ಭಾರ ಬಿದ್ದದ್ದು ಆ ಕುಣಿಕೆಗಳ ಮೇಲೆ. ಮೂರನೇ ವಾರಕ್ಕೆ ಬಾಯಿ ಬಿಟ್ಟಿತು. ಹೊಲಿಯಲು ನನ್ನನ್ನು ಕರೆದರು. ನಾನು ಬೈದೆ, ಹೊಲಿದೂ ಕೊಟ್ಟೆ.

ನೀವು ಮಾಡಬೇಕಾದ್ದು ಸುಲಭ. ಪ್ಲಾಸ್ಟಿಕ್ ಚೀಲದಿಂದ ಮೊದಲು ಹೊರಗೆ ತೆಗೆಯಿರಿ. ಪ್ಲಾಸ್ಟಿಕ್ ಒಳಗೆ ಪಸೆ ನಿಲ್ಲುತ್ತದೆ, ನಮ್ಮ ಮಳೆಗಾಲದಲ್ಲಿ ಅಷ್ಟು ಸಾಕು ಬೂಷ್ಟು ಹಿಡಿಯಲು. ಮನೆಯವರ ಹಳೇ ಧೋತ್ರವನ್ನು ನಾಲ್ಕೈದು ನೀರಲ್ಲಿ ಒಗೆದು ಗಂಜಿ ಪೂರ್ತಿ ತೆಗೆಯಿರಿ. ಬಟ್ಟೆ ಅಂಗಡಿಯವರು ಥಾನು ಸುತ್ತುವ ದಪ್ಪ ರಟ್ಟಿನ ಕೊಳವೆ ಕೇಳಿದರೆ ಕೊಡುತ್ತಾರೆ. ಅದಕ್ಕೆ ಆ ಬಟ್ಟೆ ಸುತ್ತಿ, ಮೇಲೆ ಸೀರೆ ಸುತ್ತಿ, ಅದರ ಮೇಲೆ ಮತ್ತೆ ಬಟ್ಟೆ ಸುತ್ತಿ. ಕೊಳವೆ ಇಡಲು ಜಾಗ ಇಲ್ಲ ಅಂದರೆ ಮಡಚಿ. ಆದರೆ ಪ್ರತಿ ಮಡಿಕೆಯೊಳಗೆ ಬಟ್ಟೆಯ ದಪ್ಪ ಬತ್ತಿ ಇಡಿ. ಒಡಲು, ಸೆರಗು ಸೇರುವ ಕಡೆ ಮಡಿಕೆ ಬೀಳಬಾರದು. ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಸೀರೆ ಬಿಚ್ಚುವುದು ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ. ನುಸಿಗುಳಿಗೆ ಬಟ್ಟೆಗೆ ತಾಗಬಾರದು. ನಾನು ಲವಂಗದ ಪೊಟ್ಟಣ ಇಡುತ್ತೇನೆ.

ಕೊನೆಗೆ ಒಂದು ಚೀಟಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನು ಬೇಡ, ಶಾಯಿ ಹರಡುತ್ತದೆ. ಯಾರ ಸೀರೆ, ಯಾರು ಕೊಟ್ಟರು, ಯಾವ ಊರು, ಯಾವ ಮನೆ. ಅತ್ತೆಯವರು ಇನ್ನೂ ಇದ್ದರೆ ಇವತ್ತೇ ಕೂತು ಕೇಳಿ. ನಾನು ಹೊಲಿದ ಬಟ್ಟೆಗಳಲ್ಲಿ ಮುಕ್ಕಾಲು ಪಾಲಿಗೆ ಇಂಥ ಚೀಟಿ ಇರಲಿಲ್ಲ. ಹಾಲ್‌ಗೆ ಬೇಕಾದರೆ ಸೀರೆ ಉಟ್ಟ ಅತ್ತೆಯವರ ಫೋಟೊ ಫ್ರೇಮ್ ಹಾಕಿಸಿ.

ಪ್ರದರ್ಶನದಲ್ಲಿ ಬಟ್ಟೆಯನ್ನು ಯಾಕೆ ಮುಟ್ಟಲು ಬಿಡುವುದಿಲ್ಲ? ಮುಟ್ಟದೆ ಬಟ್ಟೆ ಗೊತ್ತಾಗುತ್ತಾ? (ಸಾಂತಾಕ್ರೂಜ್)

ಗೊತ್ತಾಗುವುದಿಲ್ಲ, ನಿಮ್ಮ ಮಾತು ನಿಜ. ಆದರೆ ಕೈಯಲ್ಲಿ ಬೆವರು, ಎಣ್ಣೆ, ಉಪ್ಪು ಇರುತ್ತದೆ. ದಿನಕ್ಕೆ ಐನೂರು ಕೈ ಆದರೆ? ಜಾಣರು ಪಕ್ಕದಲ್ಲಿ ಅದೇ ನಮೂನೆಯ ಹೊಸ ತುಂಡು ಇಟ್ಟಿರುತ್ತಾರೆ. ಇಟ್ಟಿಲ್ಲದಿದ್ದರೆ ಅಲ್ಲಿನ ಪುಸ್ತಕದಲ್ಲಿ ಬರೆದು ಬನ್ನಿ. "ತುಂಬಾ ಚೆನ್ನಾಗಿದೆ" ಅಂತಲೇ ಎಲ್ಲರೂ ಬರೆದರೆ ಏನೂ ಬದಲಾಗುವುದಿಲ್ಲ.

ನಮ್ಮ ಮಹಿಳಾ ಮಂಡಳದ 12 ಜನ ಒಂದು ದಿನ ಮುಂಬೈ ನೋಡಲು ಹೊರಟಿದ್ದೇವೆ. ಸೀರೆ, ಹಳೇ ಮನೆ ಎರಡೂ ನೋಡಬೇಕು. ಮಾಲ್ ಬೇಡ. ಎಲ್ಲಿ ಹೋಗಲಿ? (ಕಲ್ಯಾಣ)

ಬುಧವಾರ ಹೊರಡಬೇಡಿ. ಬೈಕುಲಾದ ಡಾಕ್ಟರ್ ಭಾವು ದಾಜಿ ಲಾಡ್ ಮ್ಯೂಸಿಯಂಗೆ ಅವತ್ತು ರಜೆ. ನೀವು ಸೆಂಟ್ರಲ್ ಲೈನಿನವರು, ಬೈಕುಲಾದಲ್ಲಿ ಮೊದಲು ಇಳಿಯಿರಿ. ರಾಣಿಬಾಗಿನ ಪಕ್ಕದಲ್ಲೇ ಇದೆ. 1872ರಲ್ಲಿ ಬಾಗಿಲು ತೆರೆದದ್ದು. ಮುಂಬೈಯ ಮೊದಲ ಮ್ಯೂಸಿಯಂ. ಮಹಡಿಯ ಮೇಲೆ ಮಣ್ಣಿನ ಸಣ್ಣ ಸಣ್ಣ ಬೊಂಬೆಗಳಿವೆ. ಹಳೇ ಮುಂಬೈಯಲ್ಲಿ ಯಾವ ಜನ ಹೇಗೆ ಉಡುತ್ತಿದ್ದರು, ಯಾವ ಪೇಟ ಸುತ್ತುತ್ತಿದ್ದರು, ಎಲ್ಲ ಅದರಲ್ಲಿದೆ. ಕಚ್ಚೆ ಹಾಕಿದ ಬೊಂಬೆಯ ನೆರಿಗೆ ನೋಡಿ. ನಿಮ್ಮಲ್ಲಿ ಕಚ್ಚೆ ಸೀರೆ ಉಡಲು ಬರುವವರು ಒಬ್ಬರಾದರೂ ಇದ್ದರೆ, ನೆರಿಗೆ ಸರಿ ಇದೆಯೋ ಇಲ್ಲವೋ ಅಂತ ಅಲ್ಲೇ ಒಂದು ಗಲಾಟೆ ಆಗುತ್ತದೆ. ಆಗಲಿ.

ಆಮೇಲೆ ಕೋಟೆ ಕಡೆಯ ದೊಡ್ಡ ಮ್ಯೂಸಿಯಂ. ಈಗ ಹೆಸರು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ನನ್ನ ಬಾಯಲ್ಲಿ ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಅಂತಲೇ ಬರುತ್ತದೆ. 1905ರಲ್ಲಿ ಕಲ್ಲು ಹಾಕಿದರು, ಜನರಿಗೆ ತೆರೆದದ್ದು 1922ರಲ್ಲಿ. ನಡುವೆ ಮಹಾಯುದ್ಧ ಬಂದು ಅದು ಸೈನಿಕರ ಆಸ್ಪತ್ರೆಯಾಗಿತ್ತು. ಒಳಗೆ ಹೋಗುವ ಮೊದಲು ತೋಟದಲ್ಲಿ ನಿಂತು ಗುಮ್ಮಟ ನೋಡಿ. ಎಲ್ಲೋ ನೋಡಿದ ಹಾಗಿದೆ ಅನಿಸುತ್ತದಾ? ಅದರ ನಕ್ಷೆ ಮಾಡಿದ ಆರ್ಕಿಟೆಕ್ಟ್ ಜಾರ್ಜ್ ವಿಟೆಟ್‌ಗೆ ನಮ್ಮ ವಿಜಾಪುರದ ಗೋಳಗುಮ್ಮಟವೇ ಮಾದರಿ ಅಂತಾರೆ. ಮುಂಬೈಗೆ ಬಂದ ಹೊಸದರಲ್ಲಿ ಇದು ಗೊತ್ತಾದಾಗ ನನಗೆ ಊರಿನವರು ಸಿಕ್ಕಷ್ಟು ಸಂತೋಷವಾಗಿತ್ತು.

ಒಳಗೆ ನಡುವಿನ ದೊಡ್ಡ ಹಾಲ್‌ನಲ್ಲಿ ಸುತ್ತಲೂ ಕೆತ್ತನೆಯ ಮರದ ಕಮಾನುಗಳಿವೆ. ಜನ ಅದನ್ನು ನೋಡದೆ ಸೀದಾ ಮೂರ್ತಿಗಳ ಕಡೆ ಹೋಗುತ್ತಾರೆ. ಅದು ನಾಶಿಕದಲ್ಲಿ ಹಾಳು ಬೀಳುತ್ತಿದ್ದ ಒಂದು ವಾಡೆಯಿಂದ ಕೊಂಡು ತಂದದ್ದು. ಯಾರದೋ ಮನೆಯ ಕಂಬ, ಕಮಾನು. ಅದರ ಕೆಳಗೆ ಒಂದು ಕಾಲದಲ್ಲಿ ಯಾರೋ ಹಪ್ಪಳ ಒಣಗಿಸಿರಬಹುದು, ಹಸಿ ಸೀರೆ ಹಾಕಿರಬಹುದು. ಅಲ್ಲಿ ಐದು ನಿಮಿಷ ನಿಲ್ಲಿ. ಆಮೇಲೆ ಜವಳಿ ಗ್ಯಾಲರಿಗೆ ಹೋಗಿ. ಈಗ ಅಲ್ಲಿಯ ಬಟ್ಟೆ ಬೇರೆಯೇ ಕಾಣುತ್ತದೆ.

ಕಾಲು ಉಳಿದಿದ್ದರೆ ಗಾಮದೇವಿಯ ಮಣಿಭವನ. ಗ್ರಾಂಟ್ ರೋಡ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. 1917ರಿಂದ 1934ರವರೆಗೆ ಗಾಂಧೀಜಿ ಮುಂಬೈಗೆ ಬಂದಾಗ ಇಳಿಯುತ್ತಿದ್ದದ್ದು ಈ ಮನೆಯಲ್ಲೇ. ಅವರ ಸ್ನೇಹಿತರಾದ ರೇವಾಶಂಕರ ಜಗಜೀವನ ಝವೇರಿಯವರ ಮನೆ. ಹಾಸಿಗೆಗೆ ಹತ್ತಿ ಬಡಿಯುವ ಪಿಂಜಾರನೊಬ್ಬ ಬಿಲ್ಲು ಮಿಡಿಯುತ್ತಾ ದಿನಾ ಈ ಮನೆ ಮುಂದೆ ಹೋಗುತ್ತಿದ್ದ. ಗಾಂಧೀಜಿ ಅವನನ್ನು ಕರೆಸಿ ನೂಲುವ ಹಂಜಿ ಮಾಡಲು ಹೇಳಿದರು. ಅವನು ರೇಟು ಜಾಸ್ತಿ ಹೇಳಿದ. ಅವರು ಹತ್ತಿ ಬಡಿಯುವ ಮೊದಲ ಪಾಠ ಕಲಿತದ್ದು ಅವನ ಹತ್ತಿರ. ದೇಶದ ಖಾದಿಯ ಕತೆಯಲ್ಲಿ ಈ ಪಿಂಜಾರನ ಹೆಸರಿಲ್ಲ, ರೇಟು ಮಾತ್ರ ನೆನಪಿದೆ! ಎರಡನೇ ಮಹಡಿಯಲ್ಲಿ ಗಾಂಧೀಜಿಯವರ ಕೋಣೆ ಇದೆ. ಹಾಸಿಗೆ, ಚರಕ, ಅಷ್ಟೇ. ಮರದ ಮೆಟ್ಟಿಲು, ಮೊಣಕಾಲು ನೋವಿದ್ದವರು ಮೆಲ್ಲಗೆ ಹತ್ತಿ.

ನಮ್ಮ ಅತ್ತೆಯವರ ಹತ್ತಿರ ಒಂದು ಟ್ರಂಕ್ ತುಂಬ ಹಳೇ ಸಾಮಾನಿದೆ. ಗುಳೇದಗುಡ್ಡದ ಖಣಗಳು, ಮಗುವಿನ ಕುಲಾವಿ, ಅಡಕತ್ತರಿ, ಹಿತ್ತಾಳೆ ದೀಪ. ಕೇಳಕರ್ ಮ್ಯೂಸಿಯಂಗೆ ಕರೆದುಕೊಂಡು ಹೋದರೆ "ಇದೆಲ್ಲಾ ನಮ್ಮ ಅಟ್ಟದಲ್ಲೇ ಇದೆಯಲ್ಲ, ಟಿಕೆಟ್ ಯಾಕೆ?" ಅಂದರು. ಮ್ಯೂಸಿಯಂಗೆ ಕೊಟ್ಟರೆ ತೆಗೆದುಕೊಳ್ಳುತ್ತಾರಾ? (ಕೋಥರೂಡ್, ಪುಣೆ)

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ. ಅವರು ಹೇಳಿದ್ದು ಸರಿಯಾಗಿದೆ. ದಿನಕರ ಕೇಳಕರರು ಸೇರಿಸಿದ್ದು ಇಂಥ ಅಟ್ಟಗಳಿಂದಲೇ. ಅವರು 'ಅಜ್ಞಾತವಾಸಿ' ಅನ್ನುವ ಹೆಸರಲ್ಲಿ ಕವಿತೆ ಬರೆಯುತ್ತಿದ್ದವರು. ಸಣ್ಣ ವಯಸ್ಸಿನಲ್ಲೇ ತೀರಿಹೋದ ಮಗ ರಾಜಾನ ಹೆಸರನ್ನು ಮ್ಯೂಸಿಯಂಗೆ ಇಟ್ಟರು. ಗಂಡ ಹೆಂಡತಿ ಇಬ್ಬರೂ ಊರೂರು ತಿರುಗಿ ದೀಪ, ಬಾಗಿಲು, ಅಡುಗೆ ಪಾತ್ರೆ, ಅಡಕತ್ತರಿ, ಬಟ್ಟೆ ಎಲ್ಲ ಕೂಡಿಸಿದರು. ಕೊನೆಗೆ ಇಡೀ ರಾಶಿಯನ್ನು ಸರ್ಕಾರಕ್ಕೆ ಕೊಟ್ಟುಬಿಟ್ಟರು. ಸುಮಾರು 20,000 ಸಾಮಾನಿನ ಸಂಗ್ರಹ. ನೋಡಲು ಇಟ್ಟಿರುವುದು ಅದರ ಒಂದು ಸಣ್ಣ ಪಾಲು.

ನೀವು ಕೋಥರೂಡಿನವರು ಅಂತ ಹೇಳುತ್ತೇನೆ. ಅಲ್ಲಿರುವ ಮಸ್ತಾನಿ ಮಹಲ್ ನಿಮ್ಮ ಕೋಥರೂಡಿನಿಂದಲೇ ಬಿಚ್ಚಿ ತಂದು ಮತ್ತೆ ಜೋಡಿಸಿದ್ದು. ನಿಮ್ಮ ಬಿಲ್ಡಿಂಗ್ ಇರುವ ಕಡೆ ಏನಿತ್ತೋ ಯಾರಿಗೆ ಗೊತ್ತು!

ಕೊಡುವ ಮಾತಿಗೆ ಬರೋಣ. ತೆಗೆದುಕೊಳ್ಳಬಹುದು, ಬೇಡ ಅಂತಲೂ ಅನ್ನಬಹುದು. ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅವರ ಗೋದಾಮೂ ನಿಮ್ಮ ಅಟ್ಟದ ಹಾಗೇ ತುಂಬಿರುತ್ತದೆ. ತೆಗೆದುಕೊಂಡರೆ ದಾನಪತ್ರಕ್ಕೆ ಸಹಿ ಹಾಕಿಸುತ್ತಾರೆ. ಆಮೇಲೆ "ನಮ್ಮ ದೀಪ ಯಾಕೆ ಹೊರಗಿಟ್ಟಿಲ್ಲ?" ಅಂತ ಕೇಳುವ ಹಾಗಿಲ್ಲ. ಹೋಗುವಾಗ ಟ್ರಂಕ್ ಹೊತ್ತುಕೊಂಡು ಹೋಗಬೇಡಿ. ಒಂದೊಂದರದೂ ಫೋಟೊ, ಜೊತೆಗೆ ಅತ್ತೆಯವರ ಬಾಯಿಮಾತು. ಈ ಖಣ ಯಾರ ಉಡಿ ತುಂಬಿದಾಗ ಬಂತು, ಕುಲಾವಿ ಯಾವ ಕೂಸಿಗೆ ಹೊಲಿದದ್ದು. ಸಾಮಾನಿಗಿಂತ ಮಾತಿಗೆ ಅವರು ಜಾಸ್ತಿ ಬೆಲೆ ಕೊಡುತ್ತಾರೆ. ನಾನಾಗಿದ್ದರೆ ಖಣಗಳನ್ನು ಕೊಡುವುದಿಲ್ಲ. ಒಂದು ನನಗೆ ಕಳಿಸಿ ಅಂತ ಕೇಳಬೇಕು ಅನಿಸಿತ್ತು, ತಡೆದುಕೊಂಡೆ.

ಅತ್ತೆಯವರನ್ನು ಇನ್ನೊಂದು ಕಡೆ ಕರೆದುಕೊಂಡು ಹೋಗಿ. ವಿಶ್ರಾಮಬಾಗ್ ವಾಡಾ. ಪೇಶ್ವೆ ಎರಡನೇ ಬಾಜೀರಾಯನ ಕಾಲದ್ದು. ಶನಿವಾರವಾಡೆಯ ಒಳಗಿನ ಮನೆಗಳು 1828ರ ಬೆಂಕಿಯಲ್ಲಿ ಹೋದವು. ಅಲ್ಲಿ ಗೋಡೆ, ಬಾಗಿಲು, ಅಡಿಪಾಯ ಮಾತ್ರ ಉಳಿದಿವೆ. ವಿಶ್ರಾಮಬಾಗದಲ್ಲಿ ಮರದ ಕಂಬ, ಚೌಕ ಕಣ್ಣಿಗೆ ಕಾಣುತ್ತವೆ. ಅವರು ಚೌಕದಲ್ಲಿ ನಿಂತು ನಮ್ಮ ಕಡೆಯ ದೇಸಾಯರ ವಾಡೆಯನ್ನೋ ತೊಟ್ಟಿ ಮನೆಯನ್ನೋ ನೆನಪು ಮಾಡಿಕೊಳ್ಳುತ್ತಾರೆ. ಆಗ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಿ.

ನಮ್ಮ ಅಪ್ಪ ಗೌಂಡಿ. ಬಾಗಲಕೋಟೆ ಕಡೆಯಿಂದ ಗೋವಾಕ್ಕೆ ಬಂದು 30 ವರ್ಷ ಆಯಿತು. ಹಳೇ ಪೋರ್ಚುಗೀಸ್ ಕಾಲದ ಮನೆಗಳ ರಿಪೇರಿಯಲ್ಲಿ ಅವರ ಕೈ ಒಳ್ಳೇದು. ಅಂಥ ಒಂದು ಮನೆಯ ಬಗ್ಗೆ ಪ್ರದರ್ಶನ ನಡೆಯಿತು. ಮಾಲೀಕರ ಹೆಸರು, ಆರ್ಕಿಟೆಕ್ಟ್ ಹೆಸರು, ಫೋಟೊ ತೆಗೆದವರ ಹೆಸರು ಎಲ್ಲ ಇತ್ತು. ಅಪ್ಪನ ಹೆಸರು ಇರಲಿಲ್ಲ. ಕೇಳುವುದು ತಪ್ಪಾ ಅಕ್ಕಾ? (ವಾಸ್ಕೊ)

ತಪ್ಪಲ್ಲ ತಂಗಿ. ಕೇಳು. ಪತ್ರ ಬರೆದು ಕೇಳು.

26 ವರ್ಷದಲ್ಲಿ ನಾನು ಹೊಲಿದ ಬಟ್ಟೆಗಳ ಪಕ್ಕ ಇಟ್ಟ ಚೀಟಿಗಳಲ್ಲಿ ನನ್ನ ಹೆಸರು ಒಂದು ಸಲವೂ ಬಂದಿಲ್ಲ. ನೇಯ್ದವರ ಹೆಸರೂ ಬಂದಿಲ್ಲ. ಕೊಟ್ಟವರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತಿತ್ತು. ಆಗ ನನಗೆ ಸಿಟ್ಟು ಬರಲಿಲ್ಲ, ಸಂಬಳ ಬಂದರೆ ಸಾಕಿತ್ತು. ಈಗ ನಿನ್ನ ಪತ್ರ ಓದಿ ತಡವಾಗಿ ಬಂತು.

ಅಪ್ಪನನ್ನು ಒಂದು ಭಾನುವಾರ ಪರ್ವರಿಯ ಹತ್ತಿರ ತೊರ್ಡಾದಲ್ಲಿರುವ ಹೌಸಸ್ ಆಫ್ ಗೋವಾ ಮ್ಯೂಸಿಯಂಗೆ ಕರೆದುಕೊಂಡು ಹೋಗು. ಆರ್ಕಿಟೆಕ್ಟ್ ಜೆರಾರ್ಡ್ ದ ಕುನ್ಹಾ ಕಟ್ಟಿದ್ದು. ಕಟ್ಟಡವೇ ಹಡಗಿನ ಹಾಗೆ ಮೂರು ಮೂಲೆಯದು. ಒಳಗೆ ಗೋವಾ ಮನೆಗಳ ಬಾಗಿಲು, ಕಿಟಕಿ, ನೆಲದ ಹಾಸು, ಕುರ್ಚಿ, ಕಂಬ ಎಲ್ಲ ಬಿಡಿ ಬಿಡಿಯಾಗಿ ಇವೆ. ಗಾಜಿನ ಬದಲು ಚಿಪ್ಪು ಕೂರಿಸಿದ ಕಿಟಕಿ ಅಪ್ಪನಿಗೆ ಗೊತ್ತೇ ಇರುತ್ತದೆ. ತೆಳ್ಳಗಿನ ಸಮುದ್ರದ ಚಿಪ್ಪನ್ನು ಚೌಕ ಕತ್ತರಿಸಿ ಮರದ ಪಟ್ಟಿಯಲ್ಲಿ ಸಿಕ್ಕಿಸುವುದು. ಬೆಳಕು ಹಾಲಿನ ಹಾಗೆ ಒಳಗೆ ಬರುತ್ತದೆ. ಬಟ್ಟೆಯವಳಾಗಿ ಹೇಳುತ್ತೇನೆ, ಕಟು ಬಿಸಿಲನ್ನು ಸೋಸುವ ಕಿಟಕಿ ಅದು. ಮನೆ ಮುಂದಿನ ಬಾಲ್ಕಾಂವ್ ಅಂದರೆ ಬೇರೇನೂ ಅಲ್ಲ, ನಮ್ಮ ಕಟ್ಟೆಗೆ ಒಂದು ಸೂರು ಹಾಕಿದ್ದು. ಸಂಜೆ ಕೂತು ಹೋಗಿಬರುವವರನ್ನು ಮಾತಾಡಿಸುವ ಜಾಗ.

ಸೂರಿನ ಮೇಲಿನ ಹಂಚನ್ನೂ ನೋಡಿ. ಗೋವಾದ ಮನೆಗಳ ಮೇಲೆ ಕೂತಿರುವುದು ಹೆಚ್ಚಾಗಿ ಮಂಗಳೂರು ಹಂಚು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದಕ್ಕೂ ಮೊದಲು ಅವರು ಅಲ್ಲಿ ನೇಯ್ಗೆ ಶುರು ಮಾಡಿದ್ದರು. ಖಾಕಿ ಬಣ್ಣ ಹುಟ್ಟಿದ್ದು ತಮ್ಮಲ್ಲೇ ಅಂತ ಮಂಗಳೂರಿನವರು ಈಗಲೂ ಹೇಳುತ್ತಾರೆ. ಮೈಮೇಲಿನ ಬಟ್ಟೆಯೂ ತಲೆ ಮೇಲಿನ ಹಂಚೂ ಒಂದೇ ಮಿಶನ್‌ನ ಮಾಲು.

ಅಲ್ಲಿಂದ ಮುಂದೆ ಕೊಲ್ವಾಳ. ಉಡುಪಿನ ವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್ ಅಲ್ಲಿದ್ದ ತಮ್ಮ ಹಳೇ ಮನೆ ಕಾಸಾ ದೊನಾ ಮರಿಯಾವನ್ನು ಗೋವಾದ ಉಡುಪಿನ ಮ್ಯೂಸಿಯಂಗೆ ಬಿಟ್ಟುಕೊಟ್ಟರು. 2020ರಲ್ಲಿ ತೀರಿಕೊಂಡರು. ಮೂಲೆಗೆ ಬಿದ್ದಿದ್ದ ಕುಣಬಿ ಸೀರೆಯನ್ನು ಮತ್ತೆ ಮಗ್ಗಕ್ಕೆ ತಂದವರು ಅವರು. ಕೆಂಪು ಬಿಳಿ ಚೌಕುಳಿ, ಭುಜದ ಮೇಲೆ ಗಂಟು, ಗದ್ದೆಗೆ ಇಳಿಯಲು ಅನುಕೂಲವಾಗಿ ಮೇಲೆ ಕಟ್ಟಿದ ಸೀರೆ. ನಮ್ಮ ಜೋಯಿಡಾ ಕಡೆಯ ಕುಣಬಿ ಹೆಂಗಸರನ್ನು ನೋಡಿದ್ದರೆ ಗೊತ್ತಾಗುತ್ತದೆ. ಹೊರಡುವ ಮೊದಲು ಫೋನ್ ಮಾಡಿ ಸಮಯ ಕೇಳಿಕೊಳ್ಳಿ.

ಇನ್ನೊಂದು ಕೆಲಸ ಇದೆ. ಅಪ್ಪ ಕೈ ಹಾಕಿದ ಮನೆಗಳ ಪಟ್ಟಿ ಮಾಡು. ಊರು, ವರ್ಷ, ಏನು ಕೆಲಸ, ಸುಣ್ಣಕ್ಕೆ ಏನು ಬೆರೆಸಿದರು, ಜೊತೆಗಿದ್ದ ಗೌಂಡಿಗಳು ಯಾರು. ಒಂದು ನೋಟ್‌ಬುಕ್ ಸಾಕು. ಮುಂದೆ ಆ ಮನೆ ರಿಪೇರಿ ಮಾಡುವ ಆರ್ಕಿಟೆಕ್ಟ್ ನಿನ್ನ ಬಾಗಿಲಿಗೆ ಬರುತ್ತಾನೆ, ನೋಡುತ್ತಿರು.

ನಾನು ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಚಾಳಿನ ಮನೆಗಳ ಬಗ್ಗೆ ಕಾಲೇಜಿನಲ್ಲಿ ಪ್ರದರ್ಶನ ಮಾಡಬೇಕು. ನಕ್ಷೆ, ಮಾಡೆಲ್ ಎಲ್ಲ ಆಗಿದೆ. ಏನೋ ಸತ್ತ ಹಾಗೆ ಕಾಣುತ್ತಿದೆ. ಏನು ಮಾಡಲಿ ಆಂಟೀ? (ಮಾಟುಂಗಾ)

ನಕ್ಷೆ ಕಳಿಸಿದ್ದೀಯಲ್ಲ, ನೋಡಿದೆ ಮಗಾ. 160 ಚದರಡಿ ಖೋಲಿ ಸರಿಯಾಗಿ ಬರೆದಿದ್ದೀಯಾ. ಬಿಡಿಡಿಯ 207 ಚಾಳುಗಳ ಲೆಕ್ಕವೂ ಸರಿ. 1920ರ ದಶಕದಲ್ಲಿ ಕಟ್ಟಿದ್ದು ಅನ್ನುವುದೂ ಸರಿ. ಆದರೆ ನಿನ್ನ ಖೋಲಿಯಲ್ಲಿ ಒಂದೂ ಮೊಳೆ ಇಲ್ಲ, ಹಗ್ಗ ಇಲ್ಲ. ನಮ್ಮ ಖೋಲಿಯಲ್ಲಿ ನಾನು, ಇವರು, ಇಬ್ಬರು ಮಕ್ಕಳು, ಮೈದುನ, ಜೊತೆಗೆ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ಊರಿನ ಹುಡುಗ ಒಬ್ಬ ಇದ್ದ. ಗೋಡೆ ಕಟ್ಟಲು ಜಾಗ ಎಲ್ಲಿಂದ? ಗೋಡೆ ಆಗಿದ್ದೇ ಬಟ್ಟೆ. ನನ್ನ ಹಳೇ ಸೀರೆ ಅಡ್ಡ ಕಟ್ಟಿದರೆ ಆ ಕಡೆ ಬಚ್ಚಲು. ಸಂಜೆ ಬಿಚ್ಚಿದರೆ ಮಕ್ಕಳ ಓದುವ ಜಾಗ. ಇನ್ನೊಂದು ಸೀರೆ ತೊಲೆಗೆ ಕಟ್ಟಿದರೆ ಕೂಸಿನ ಜೋಳಿಗೆ. ಪೋಟಮಾಳಾದ (ಅಟ್ಟದ) ಮೇಲೆ ಹಾಸಿಗೆ ಸುರುಳಿ. ಬಾಗಿಲಿಗೆ ಪರದೆ, ಬಾಗಿಲು ಮುಚ್ಚುವುದು ರಾತ್ರಿ ಮಾತ್ರ.

ಚಾಳಿನ ಗ್ಯಾಲರಿಯಲ್ಲಿ, ಅಂದರೆ ಖೋಲಿಗಳ ಮುಂದಿನ ಓಡಾಡುವ ಜಾಗದಲ್ಲಿ, ಹೆಂಗಸರು ಮಧ್ಯಾಹ್ನ ಕೂತು ಕೌದಿ ಹೊಲಿಯುತ್ತಿದ್ದೆವು. ಕೊಂಕಣದವರು ಅದನ್ನು ಗೋಧಡಿ ಅನ್ನುತ್ತಿದ್ದರು. ನಾವು ಬಾಗಲಕೋಟೆ ಕಡೆಯವರು ಕೌದಿ ಅನ್ನುತ್ತಿದ್ದೆವು. ಟಾಕಿ (ಹೊಲಿಗೆ) ಸಣ್ಣದಿರಬೇಕೋ ದೊಡ್ಡದೋ ಅಂತ ದಿನಾ ವಾದ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಇನ್ನೂ ಬೇರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಫುಲಾ ಇಡುತ್ತಾರೆ, ಹೂವು ಅಂತ. ಅದಿಲ್ಲದಿದ್ದರೆ ಕವಂದಿ ಬರಿಮೈ ಅನ್ನುತ್ತಾರೆ. ಆ ಜನ ಹಿಂದೆ ಪೋರ್ಚುಗೀಸರ ಗೋವಾದಿಂದ ಕಾಡು ದಾಟಿ ಬಂದವರು. ಈಗ ಅವರ ಕವಂದಿಗಳು ಅಮೆರಿಕದ ಗ್ಯಾಲರಿಗಳ ಗೋಡೆಯಲ್ಲಿ ತೂಗುತ್ತವೆ. ನಮ್ಮ ಕೌದಿಗಳನ್ನು ಮನೆ ಖಾಲಿ ಮಾಡುವಾಗ ಟೆಂಪೊದಲ್ಲಿ ಟಿವಿಗೆ ಪೆಟ್ಟಾಗದಿರಲಿ ಅಂತ ಸುತ್ತಿ, ಆಮೇಲೆ ಎಸೆದೆವು.

ಹಾಗಾಗಿ ನೀನು ಒಂದು ಖೋಲಿಯನ್ನು ನಿಜದ ಅಳತೆಯಲ್ಲಿ ನೆಲದ ಮೇಲೆ ಸುಣ್ಣದಲ್ಲಿ ಬರೆ. ಗೋಡೆ ಬೇಡ. ಹಗ್ಗ ಕಟ್ಟು, ಸೀರೆ ಇಳಿಬಿಡು, ಕೌದಿ ಹಾಸು. ಬಂದವರು ಚಪ್ಪಲಿ ಬಿಟ್ಟು ಒಳಗೆ ಬರಲಿ, ಒಂದು ಹೊತ್ತಿಗೆ ಆರು ಜನ. ಕೂತರೆ ಮೊಣಕಾಲು ಮೊಣಕಾಲಿಗೆ ತಾಗುತ್ತದೆ. ಸೀರೆ ಹೊಸದು ಕೊಳ್ಳಬೇಡ, ನನ್ನ ಹತ್ತಿರ ಮೂರಿವೆ. ಬಂದು ತೆಗೆದುಕೊಂಡು ಹೋಗು. ಒಂದರಲ್ಲಿ ಅರಿಶಿನದ ಕಲೆ ಇದೆ, ತೊಳೆಯಬೇಡ.

ಅಹಮದಾಬಾದಿಗೆ ಮದುವೆಗೆ ಹೋಗುತ್ತಿದ್ದೇನೆ. ಅರ್ಧ ದಿನ ಬಿಡುವಿದೆ. (ಬೋರಿವಲಿ)

ಕ್ಯಾಲಿಕೊ ಜವಳಿ ಮ್ಯೂಸಿಯಂ. ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗೀರಾ ಸೇರಿ 1949ರಲ್ಲಿ ಶುರು ಮಾಡಿದ್ದು. ಈಗ ಶಾಹಿಬಾಗಿನಲ್ಲಿ ಅವರ ಮನೆತನದ ಬಂಗಲೆಯ ಆವರಣದಲ್ಲೇ ಇದೆ. ಹಳೇ ಗುಜರಾತಿ ಹವೇಲಿಗಳ ಕೆತ್ತನೆಯ ಮರದ ಮುಖಗಳನ್ನು ತಂದು ಅಲ್ಲಿ ಕೂರಿಸಿದ್ದಾರೆ. ಒಳಗೆ ಬಿಡುವ ಜನ ಕಡಿಮೆ, ಮುಂಚೆಯೇ ಬುಕ್ ಮಾಡಿ. ಮದುವೆ ಊಟ ತಪ್ಪಿದರೂ ಪರವಾಗಿಲ್ಲ.

ಮನೆ ಬಿಚ್ಚಿ ಬೇರೆ ಊರಲ್ಲಿ ಕಟ್ಟಿ ಟಿಕೆಟ್ ಇಡುವುದು ಸರಿಯಾ? ಚೆನ್ನೈಯಲ್ಲಿ ಇಳಕಲ್ಲಿನ ಮನೆ ಇದೆಯಂತೆ. ನಮ್ಮ ಮನೆ ಅವರಿಗೇಕೆ? ನಿಮ್ಮ ತವರು ಮನೆಯನ್ನು ಹಾಗೆ ಒಯ್ದಿದ್ದರೆ ಸುಮ್ನೆ ಇರ್ತಿದ್ರಾ? (ನವೀ ಮುಂಬೈ)

ಜಗಳದ ಪತ್ರಗಳಲ್ಲಿ ಇದು ನನಗೆ ಇಷ್ಟವಾದದ್ದು.

ಹೌದು, ಚೆನ್ನೈ ಹತ್ತಿರ ಮುಟ್ಟುಕಾಡಿನ ದಕ್ಷಿಣಚಿತ್ರದಲ್ಲಿ ಇಳಕಲ್ ನೇಕಾರರ ಮನೆ ಇದೆ. 1996ರಲ್ಲಿ ತೆರೆದ ಜಾಗ. ತಮಿಳುನಾಡು, ಕೇರಳ, ಆಂಧ್ರ, ಕರ್ನಾಟಕದ ಹಳೇ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ್ದಾರೆ. ನಮ್ಮ ಮಣಿಪಾಲದಲ್ಲೂ ವಿಜಯನಾಥ ಶೆಣೈ ಅವರು ಇದೇ ಕೆಲಸ ಮಾಡಿದರು. ಜನ ಕೆಡವಿ ಮಾರುತ್ತಿದ್ದ ಮನೆಗಳನ್ನು ತೊಲೆ ತೊಲೆಗೆ ನಂಬರ್ ಹಾಕಿ ಒಯ್ದು ಮತ್ತೆ ಕಟ್ಟಿಸಿದರು. ಅವರು ಒಯ್ಯದಿದ್ದರೆ ಆ ತೊಲೆಗಳು ಸೌದೆ ಆಗುತ್ತಿದ್ದವು, ಇಲ್ಲವೇ ಯಾವುದೋ ರೆಸಾರ್ಟಿನ ಬಾರ್ ಕೌಂಟರ್.

ಮೂರು ವರ್ಷದ ಹಿಂದೆ ನಾನು, ತಂಗಿ ಚೆನ್ನೈಗೆ ಹೋಗಿದ್ದಾಗ ನೋಡಿ ಬಂದೆವು. ಒಳಗೆ ಕಾಲಿಟ್ಟವಳೇ ನಾನು ಗೋಡೆ ನೋಡಲಿಲ್ಲ, ನೆಲ ನೋಡಿದೆ. ನೇಕಾರರ ಮನೆಯಲ್ಲಿ ಮೊದಲು ಮಗ್ಗದ ಕುಣಿ ಎಲ್ಲಿ ಅಂತ ಗೊತ್ತು ಮಾಡಿಕೊಂಡು ಆಮೇಲೆ ಉಳಿದ ಮನೆ ಕಟ್ಟುತ್ತಾರೆ. ಬೆಳಕು ಎಡಗಡೆಯಿಂದ ಬರಬೇಕೋ ಬಲಗಡೆಯಿಂದಲೋ, ಹಾಸು ಎಷ್ಟು ಉದ್ದ ಹಿಡಿಯುತ್ತದೆ, ಎಲ್ಲ ಅದರ ಮೇಲೆ. ತಂಗಿ ಹೊರಗೆ ಕಟ್ಟೆ ಮೇಲೆ ಕೂತು ಸುಮ್ಮನೆ ಅತ್ತಳು. ಗೈಡ್ ಹುಡುಗಿ ನೀರು ತಂದು ಕೊಟ್ಟಳು.

ನಮ್ಮ ತವರು ಮನೆಯನ್ನು ಯಾರೂ ಒಯ್ಯಲಿಲ್ಲ. ಅಪ್ಪ ಹೋದ ಮೇಲೆ ತಮ್ಮ ಮಗ್ಗ ಬಿಚ್ಚಿ ಮಾರಿದ. ಕುಣಿಗೆ ಮಣ್ಣು ತುಂಬಿ ಮೇಲೆ ಟೈಲ್ಸ್ ಹಾಕಿಸಿದ. ನಾನು ಸಿಟ್ಟು ಮಾಡಲಿಲ್ಲ, ನಾನೇನು ಊರಿಗೆ ಹೋಗಿ ನೇಯುತ್ತಿದ್ದೆನಾ? ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ನೆಲದ ತಂಪು ಬರುತ್ತಿತ್ತು. ಆ ತಂಪಿಗೆ ಹತ್ತಿ ದಾರ ಕಡಿಯುವುದು ಕಡಿಮೆ, ಕುಣಿಮಗ್ಗದ ಅನುಕೂಲವೇ ಅದು. ಈಗ ಮಳೆಗಾಲ ಬಂತೆಂದರೆ ತಮ್ಮ ಫೋನ್ ಮಾಡುತ್ತಾನೆ. ಅಷ್ಟು ಜಾಗದ ಟೈಲ್ಸ್ ಮಾತ್ರ ಬೆವರುತ್ತದಂತೆ. ಎರಡು ಸಲ ಕಿತ್ತು ಹಾಕಿಸಿದ್ದಾನೆ. ಹೋದ ವಾರ ಮತ್ತೆ ಕೇಳಿದ, ಏನು ಮಾಡಲಿ ಅಕ್ಕಾ ಅಂತ. ಅಲ್ಲಿ ಅಕ್ಕಿ ಚೀಲ ಇಡಬೇಡ ಅಂದೆ.